ಸೈಲೆನ್ಸರ್ ದುರಸ್ತಿಯಾದ ದಿನ

ಸೇಡಂ
೫ ನವೆಂಬರ್ ೧೯೪೪

ನಮ್ಮ ಮನೆಯವರಿಗೆ, ನಿಮ್ಮ ಶಿವಕಾಂತಿ ಮಾಡುವ ಶರಣು ಶರಣಾರ್ಥಿ.

ಹೇಗಿದ್ದೀರಿ? ಮೈಯಲ್ಲಿ ಆರಾಮ ಇದೆಯೇ? ಚಳಿ ಶುರುವಾದರೆ ನಿಮಗೆ ಎದೆ ಕಟ್ಟಿಕೊಳ್ಳುತ್ತಿತ್ತು. ಅಲ್ಲಿ ಓಮಿನ ಕಾಳಿನ ಶಾಖ ಕೊಡುವವರು ಯಾರಿದ್ದಾರೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀರೋ, ರೊಟ್ಟಿಯ ಮುಖವಾದರೂ ಕಾಣುತ್ತೀರೋ, ಒಂದೂ ತಿಳಿಯದು. ಹಡಗು ಇಳಿದೆವು, ಇನ್ನು ಮುಂದೆ ದಂಡಿನ ಲಾರಿ ನಡೆಸುವ ಕೆಲಸ ಎಂದು ಹೋದ ವರ್ಷದ ದೀಪಾವಳಿಯ ಮುಂದೆ ನೀವು ಬರೆದಿರಲ್ಲ, ಅದೇ ಕೊನೆಯದು. ಅಂದಿನಿಂದ ಟಪಾಲಿನವನು ನಮ್ಮ ಓಣಿಗೆ ಬಂದಾಗಲೆಲ್ಲ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತೇನೆ. ಈಗೀಗ ಅವನು ನಮ್ಮ ಮನೆ ಬಂತೆಂದರೆ ತಲೆ ತಗ್ಗಿಸಿ ಆಚೆ ಬದಿಯಿಂದ ಹೋಗುತ್ತಾನೆ. ಪಾಪ, ಅವನದೇನು ತಪ್ಪು?

ನಿಮ್ಮ ಮೋಟಾರಿನ ಸುದ್ದಿ ಬರೆಯಬೇಕು. ನೀವು ಹೋಗುವಾಗ ಅದನ್ನು ಖಂಡಪ್ಪನ ಕೈಗೆ ಒಪ್ಪಿಸಿದಿರಿ. ನಿಮ್ಮ ಗೆಳೆಯ ಮಾತಿಗೆ ತಪ್ಪಲಿಲ್ಲ. ಕಂಟ್ರೋಲಿನಲ್ಲಿ ಸಿಕ್ಕಷ್ಟು ಪೆಟ್ರೋಲ್ ಹಾಕಿಕೊಂಡು ಚಿಂಚೋಳಿಗೆ ಜನರನ್ನು ಒಯ್ಯುತ್ತಿದ್ದ, ತಿರುಗಿ ಬಂದು ಸ್ಟೇಷನ್ ಹತ್ತಿರದ ಚಪ್ಪರದಲ್ಲಿ ನಿಲ್ಲಿಸುತ್ತಿದ್ದ. ಮನೆಯ ಮುಂದೆ ಮಾತ್ರ ತರುತ್ತಿರಲಿಲ್ಲ. ಅತ್ತೆ ಮೊದಲೇ ಹೇಳಿಬಿಟ್ಟಿದ್ದರು, “ಈ ಬಾಗಿಲಿಗಿ ಗಾಡಿ ತಂದ್ರ ನನ ಮಗನೇ ತರಬೇಕು” ಎಂದು.

ಶ್ರಾವಣದಲ್ಲಿ ಚಿಮ್ಮನಚೋಡದ ಆಚೆ ಹಳ್ಳ ದಾಟುವಾಗ ಗಾಡಿ ಜಾರಿ ಬಂಡೆಯ ಮೇಲೆ ಕುಳಿತಿತು. ಜನರಿಗೆ ಏನೂ ಆಗಲಿಲ್ಲ. ಆದರೆ ಕೆಳಗಿನ ಹೊಗೆ ಕೊಳವೆ ಗಾಣಕ್ಕೆ ಕೊಟ್ಟ ಕಬ್ಬಿನಂತೆ ಚಪ್ಪಟೆಯಾಗಿ, ಸೈಲೆನ್ಸರ್ ತಗ್ಗು ಬಿದ್ದು ಒಂದು ಕಡೆ ಸೀಳಿತ್ತು. ಹೊಗೆ ಹೊರಗೆ ಹೋಗಲು ದಾರಿಯಿಲ್ಲದೆ ಇಂಜಿನ್ ಉಸಿರು ಕಟ್ಟಿದವರಂತೆ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಎತ್ತು ಕಟ್ಟಿ ಎಳೆದು ತಂದರು. ಕಮ್ಮಾರ ಸೂಗಪ್ಪ ಕೊಳವೆ ಬಿಚ್ಚಿ ಕಾಸಿ ಬಡಿದು ದುಂಡಗೆ ಮಾಡಿದ. ಕಟ್ಟಿ ಚಾಲೂ ಮಾಡಿದೊಡನೆ ಬೆಸುಗೆ ಬಾಯಿಬಿಟ್ಟಿತು. ಮತ್ತೆ ಮಾಡಿದ, ಮತ್ತೆ ಒಡೆಯಿತು. ತುಕ್ಕು ಹಿಡಿದ ತಗಡು, ಮೊದಲೇ ಹಾಳೆಯಷ್ಟು ತೆಳ್ಳಗಾಗಿತ್ತು. ಹೊಸದು ಹಾಕಬೇಕೆಂದರೆ ಲಡಾಯಿಯ ಕಾಲ, ಕಬ್ಬಿಣವೆಲ್ಲ ನೀವಿರುವ ಕಡೆಗೇ ಹೋಗುತ್ತಿದೆಯಂತೆ.

ಆಗ ಮಾವನವರು, “ಇರಲಿ ಬಿಡು, ಬಂದಷ್ಟಕ್ಕ ಗುಜರಿಗಿ ಹಾಕಮು” ಎಂದರು. ಅವರು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಗೋಡೆ ನೋಡುತ್ತ, ಬಹಳ ಮೆತ್ತಗೆ ಹೇಳಿದರು. ಅದಕ್ಕೇ ನನಗೆ ಭಯವಾಯಿತು. ನೀವು ಬರುವುದಿಲ್ಲ ಎಂದು ಅವರು ಮನಸ್ಸಿನಲ್ಲಿ ತೀರ್ಮಾನಿಸಿದ್ದಾರೆ ಎಂದು ಅನಿಸಿತು. ಮದುವೆಯಾಗಿ ಬಂದಾಗಿನಿಂದ ಅವರೆದುರು ಸೆರಗಿನ ಮರೆಯಿಂದ ಮಾತಾಡಿದವಳು, ಅಂದು ನಡುಮನೆಗೆ ಬಂದು ನಿಂತು, “ಕೊಳವಿ ನಾ ತರ್ತೀನ್ರಿ, ಗಾಡಿ ಮಾರಬ್ಯಾಡ್ರಿ” ಎಂದೆ. ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಖಂಡಪ್ಪನ ತಾಯಿ ಹಣಮಮ್ಮನನ್ನು ಜೊತೆ ಮಾಡಿಕೊಂಡು ರೈಲು ಹತ್ತಿದೆ. ನೀವು ಕೇಳಿದರೆ ನಗುತ್ತೀರಿ, ತವರಿಗೆ ನಾಲವಾರಕ್ಕೆ ಹೋಗುವುದು ಬಿಟ್ಟರೆ ನಾನು ಎಲ್ಲಿಗೆ ಹೋದವಳು? ಹಳೆಯ ಕೊಳವೆಯನ್ನು ಗೋಣಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಎದುರಿಗೆ ಕೂತವಳು ಕೂಸೆಂದು ತಿಳಿದು ಹೆಸರು ಕೇಳಿದಳು! ಚಿತ್ತಾಪುರದಲ್ಲಿ ಇಳಿದು ಕೇಳಿದೆವು, ಇಲ್ಲವೆಂದರು. ವಾಡಿಯಲ್ಲಿ ರೈಲು ಇಂಜಿನ್‌ಗಳ ನಡುವೆ ದಿನವಿಡೀ ತಿರುಗಿದೆವು. ಸರಕಾರಿ ಸಾಮಾನು, ಒಂದು ಮೊಳೆ ಕೊಟ್ಟರೂ ನೌಕರಿ ಹೋಗುತ್ತದೆ ಎಂದು ಕೈ ಮುಗಿದರು. ಕೊನೆಗೆ ಒಬ್ಬ ಕಲಾಸಿ, ಶಹಾಬಾದಿನಲ್ಲಿ ಅಮೀರ್ಬೀ ಎಂಬುವವರ ಮನೆ ಹುಡುಕಿರಿ, ಅವರ ಯಜಮಾನರು ಮೋಟಾರು ಮೇಸ್ತ್ರಿಯಾಗಿದ್ದರು ಎಂದ.

ಕಲ್ಲಿನ ಬಿಳಿ ಧೂಳು ಕೂತ ಓಣಿಯಲ್ಲಿ ಅವರ ಮನೆ ಸಿಕ್ಕಿತು. ವಯಸ್ಸಾದ ಹೆಣ್ಣುಮಗಳು, ಒಬ್ಬರೇ ಇರುತ್ತಾರೆ. ನನ್ನ ಮಾತೆಲ್ಲ ಕೇಳಿ ಒಳಗೆ ಹೋಗಿ, ಹಳೆಯ ಕಂಬಳಿಯಲ್ಲಿ ಸುತ್ತಿಟ್ಟ ಒಂದು ಕೊಳವೆಯನ್ನು ಸೈಲೆನ್ಸರ್ ಡಬ್ಬಿಯ ಸಮೇತ ತಂದರು. ಬೆಳ್ಳಿಯ ತಾಟಿನಂತೆ ಹೊಳೆಯುತ್ತಿತ್ತು. ಯಾರೋ ದೊರೆಯ ಗಾಡಿ ಉರುಳಿ ಮುರಿದಾಗ ಮೇಸ್ತ್ರಿಯವರು ತೆಗೆದಿಟ್ಟದ್ದಂತೆ, ಎಂದೂ ತುಕ್ಕು ಹಿಡಿಯದ ಉಕ್ಕಂತೆ. “ಒಯ್ಯಿ ಬೇಟಿ. ನಮ್ಮೋರು ಹ್ವಾದ ಮ್ಯಾಲ ಇದು ಸುಮ್ಮ ಮೂಲ್ಯಾಗ ಬಿದ್ದದ. ನಿಮ್ಮೋರು ಬರೋರದಾರ, ಅವರ ಗಾಡಿ ತಯಾರ್ ಇರ್ಲಿ” ಎಂದರು. ನಿಮ್ಮೋರು ಬರೋರದಾರ! ಎಷ್ಟೋ ತಿಂಗಳ ಮೇಲೆ ಒಬ್ಬರ ಬಾಯಿಂದ ಆ ಮಾತು ಕೇಳಿದೆ. ಅವರ ಕಾಲು ಮುಟ್ಟಿ ಅತ್ತುಬಿಟ್ಟೆ.

ಆ ಕೊಳವೆ ನಮ್ಮ ಗಾಡಿಗೆ ಉದ್ದವಾಗುತ್ತಿತ್ತು. ಸೂಗಪ್ಪ ತುದಿ ಕೊಯ್ದು, ಕೂಡುವ ಜಾಗಕ್ಕೆ ತಗಡಿನ ಪಟ್ಟಿ ಬಿಗಿದು ಹೇಗೋ ಕೂಡಿಸಿದ. ಕೆಲಸವೆಲ್ಲ ಚಪ್ಪರದಲ್ಲಿಯೇ ನಡೆಯಿತು. ಸರಿಹೋಗುತ್ತದೋ ಇಲ್ಲವೋ ಎಂದು ನಾನು ಅತ್ತೆಗೆ ಏನೂ ಹೇಳಿರಲಿಲ್ಲ. ಕೆಲಸ ಮುಗಿದ ದಿನ ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದರು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಓಣಿಯ ತಿರುವಿನಲ್ಲಿ ಗಾಡಿಯ ಸದ್ದು ಕೇಳಿತು. ಥೇಟ್ ನೀವು ನಡೆಸುತ್ತಿದ್ದ ಕಾಲದ ಸದ್ದು, ಗಂಟಲು ಸರಿಯಾಗಿ, ಒಂದು ಕೆಮ್ಮಿಲ್ಲದೆ. ಖಂಡಪ್ಪನಿಗೆ ಸಂತೋಷ ತಡೆಯಲಾಗಿರಲಿಲ್ಲ, ನನಗೆ ತೋರಿಸಲೆಂದು ಎಲ್ಲ ಮರೆತು ಮನೆಯ ಮುಂದೆಯೇ ತಂದಿದ್ದ. ತಂದವನು ಹಾರ್ನ್ ಕೂಡ ಹೊಡೆದ.

ಅತ್ತೆಯ ಮಡಿಲಲ್ಲಿದ್ದ ಮೊರ ಬಿದ್ದ ಸದ್ದು ಕೇಳಿತು. “ಅಮೃತಾ ಬಂದಾ! ಏ ಶಿವಕಾಂತಿ, ಕಾಲಿಗಿ ನೀರು ತಾ, ನನ ಮಗ ಬಂದಾನ!” ನಾನೂ ಓಡಿದೆ. ಸುಳ್ಳೇಕೆ ಹೇಳಲಿ, ಎಲ್ಲ ಗೊತ್ತಿದ್ದ ನಾನೂ ಆ ಕೂಗಿಗೆ ನಂಬಿಬಿಟ್ಟೆ, ತಂಬಿಗೆ ನೀರು ಹಿಡಿದೇ ಓಡಿದೆ. ತಲೆಯ ಮೇಲೆ ಸೆರಗಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ, ಅತ್ತೆ ಹೋಗಿ ಗಾಡಿಯ ಬಾಗಿಲು ಎಳೆದು ತೆಗೆದರು. ಒಳಗೆ ಖಂಡಪ್ಪ ನಗುತ್ತ ಕೂತಿದ್ದ. ಅವನ ನಗು ಹಾಗೇ ಮುಖದ ಮೇಲೆ ಸತ್ತಿತು. ಕೆಳಗಿಳಿದು ಅವರ ಕಾಲು ಹಿಡಿದು, “ಅವ್ವಾ, ನಾ ಖಂಡಪ್ಪ ಅದೀನ್ರಿ” ಎಂದ. ಅತ್ತೆ ಅವನನ್ನೇ ನೋಡಿ, “ನೀ ಯಾಕ ಬಂದಿ?” ಎಂದರು. ಅಷ್ಟೇ. ಒಳಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಇನ್ನೂ ಮಲಗಿಯೇ ಇದ್ದಾರೆ. ನಾನು ಬಾಯಿಗಿಟ್ಟರೆ ಒಂದು ತುತ್ತು ಗಂಜಿ ಇಳಿಯುತ್ತದೆ. ದೂರದಲ್ಲಿ ಯಾವ ಮೋಟಾರು ಹೋದರೂ ಸೆರಗಿನಿಂದ ಕಿವಿ ಮುಚ್ಚಿಕೊಳ್ಳುತ್ತಾರೆ. ಖಂಡಪ್ಪ ಮತ್ತೆ ಗಾಡಿ ಮುಟ್ಟಲಿಲ್ಲ. ಮಾವನವರು ಚಿತ್ತಾಪುರದ ಅರಳೆ ವ್ಯಾಪಾರಿಯೊಬ್ಬರನ್ನು ಕರೆಸಿ ಅದನ್ನು ಕೊಟ್ಟುಬಿಟ್ಟರು. ಈ ಸಲ ನನಗೆ ಬೇಡ ಎನ್ನುವ ಬಾಯಿ ಇರಲಿಲ್ಲ. ನಿಮ್ಮ ಗಾಡಿ ಉಳಿಸಲು ಊರೂರು ಅಲೆದೆ, ಅದು ನೆಟ್ಟಗಾಯಿತು, ನೆಟ್ಟಗಾಗಿಯೇ ಮನೆಯನ್ನು ಮುರಿಯಿತು. ದುರಸ್ತಿಯಾಗದೇ ಇದ್ದಿದ್ದರೆ ನಿಮ್ಮ ಅವ್ವ ಇವತ್ತೂ ಪಡಸಾಲೆಯಲ್ಲಿ ಕೂತು ತೊಗರಿ ಆರಿಸುತ್ತ ನಿಮ್ಮ ದಾರಿ ಕಾಯುತ್ತಿದ್ದರು. ಯಾರ ಮೇಲೆ ಸಿಟ್ಟಾಗಲಿ, ನೀವೇ ಹೇಳಿ.

ನಿಮ್ಮ ಮೈ ಕಾಪಾಡಿಕೊಳ್ಳಿ. ಮಾವನವರ ಆಶೀರ್ವಾದ, ಖಂಡಪ್ಪ ಮತ್ತು ಹಣಮಮ್ಮನವರ ನಮಸ್ಕಾರ. ಅವ್ವನ ಕೈಯನ್ನು ಈ ಹಾಳೆಯ ಮೇಲೆ ಒಮ್ಮೆ ಆಡಿಸಿ ಕಳಿಸುತ್ತಿದ್ದೇನೆ. ಬಸವಣ್ಣ ನಿಮ್ಮನ್ನು ಕಾಯಲಿ.

ನಿಮ್ಮ ಪಾದಸೇವಕಿ
ಶಿವಕಾಂತಿ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಬರುವ ಅಮಾವಾಸ್ಯೆಯ ಮುಂಚೆ ಸ್ವಾಮಿಗಳನ್ನು ಕರೆಸಿ ನಿಮ್ಮ ಹೆಸರಿನಲ್ಲಿ ಉತ್ತರಕ್ರಿಯೆ ಮಾಡಿಸಬೇಕೆಂದು ಹಿರಿಯರು ಕೂತು ನಿಶ್ಚಯಿಸಿದ್ದಾರೆ. ಆಮೇಲೆ ಅಣ್ಣ ಬಂದು ನನ್ನನ್ನು ನಾಲವಾರಕ್ಕೆ ಕರೆದೊಯ್ಯುತ್ತಾನಂತೆ. ನಾನು ಬಳೆ ತೆಗೆಯುವುದಿಲ್ಲ ಎಂದಿದ್ದೇನೆ, ಎಷ್ಟು ದಿನ ನಡೆಯುತ್ತದೋ ತಿಳಿಯದು. ಇದ್ದರೆ ಒಂದು ಸಾಲು ಬರೆಯಿರಿ, ಅವ್ವನ ಹೆಸರಿಗೆ ಬರೆಯಿರಿ. ಇದನ್ನು ಬೇರೆ ಯಾರಾದರೂ ಒಡೆದು ಓದುತ್ತಿದ್ದರೆ, ಅಣ್ಣಾ, ನೀವು ಯಾರೇ ಇರಲಿ, ನಮ್ಮವರು ಎಲ್ಲಿದ್ದಾರೆಂದು ತಿಳಿಸಿರಿ. ಇಲ್ಲವಾದರೆ ಇಲ್ಲ ಎಂದೇ ಬರೆಯಿರಿ.