ಹಿತ್ತಲಿನ ಗೂಡಿನ ಇರುವೆ

ಧಾರವಾಡ
೧೮-೭-೧೯೯೮

ಮಸೂತಿ ಗ್ರಾಮದ ನೀಲವ್ವ ವೈನಿಯವರಿಗೆ ಕಸ್ತೂರಿಯ ಶರಣಾರ್ಥಿಗಳು.

ಪಂಚಮಿಗೆ ನನ್ನನ್ನು ಕರೆದೊಯ್ಯಲು ಅಣ್ಣನನ್ನು ಕಳಿಸಬೇಡಿರಿ. ಇಲ್ಲಿ ಸಂಶೋಧನೆಯ ಕೆಲಸ ಬಹಳವಿದೆ.

ಯುಗಾದಿಗೆ ಬಂದಾಗ ನಮ್ಮ ಹಿತ್ತಲಿನ ಗೂಡಿನಿಂದ ತಂದು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ ಇರುವೆಗಳಲ್ಲಿ ಒಂದು ಬೇರೆ ಜಾತಿಯದು. ಅದಕ್ಕೆ ಸ್ವಂತ ಗೂಡಿಲ್ಲ, ತನ್ನವರೆಂಬ ಆಳುಗಳಿಲ್ಲ. ಬೇರೆಯವರ ಗೂಡಿನಲ್ಲಿದ್ದು, ಅವರ ವಾಸನೆಯನ್ನೇ ಮೈಗೆ ಹತ್ತಿಸಿಕೊಂಡು, ಅವರು ಉಣಿಸಿದ್ದನ್ನು ಉಂಡು ಬದುಕುತ್ತದೆ. ಮೀಸೆಯ ಗಣ್ಣು ಎಣಿಸಿ ಅದರ ಪ್ರಭೇದ ಗೊತ್ತುಮಾಡಲೆಂದು ಎರಡು ವಾರ ಬೇರೆ ಡಬ್ಬಿಯಲ್ಲಿಟ್ಟೆ. ಅದೇ ನನ್ನ ತಪ್ಪು. ತಿರುಗಿ ಪೆಟ್ಟಿಗೆಗೆ ಬಿಟ್ಟಾಗ ಆ ವಾಸನೆ ಹೋಗಿತ್ತು. ಉಣಿಸಿದವರೇ ಕಾಲು ಹಿಡಿದು ಎಳೆದು ಹೊರಗೆ ಹಾಕಿದರು.

ಯುಗಾದಿಯ ದಿನ ನಾನು ಚೀಲ ಇಳಿಸುವ ಮೊದಲೇ ನೀವು, "ಮತ್ತ ಯಾವಾಗ ಹೊಂಟಿ, ಕಸ್ತೂರಿ?" ಎಂದಿರಿ. ಕೇಳಿದ್ದರಲ್ಲಿ ತಪ್ಪೇನಿಲ್ಲ. ನಾನು ಮನೆ ಬಿಟ್ಟು ಎರಡು ವರ್ಷವಾಯಿತಲ್ಲ.

ಒಂದು ಉಪಕಾರ ಮಾಡಿರಿ. ನನ್ನ ಹೆಸರು ಕೊರೆಸಿದ ವಾಟಿಯನ್ನು ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಬೋರಲು ಹಾಕಿಟ್ಟದ್ದನ್ನು ನೋಡಿದ್ದೆ. ಸೋಮವಾರ ಸೋಮವಾರ ಹಿತ್ತಲಿನ ಇರುವೆಗಳಿಗೆ ಸಕ್ಕರೆ ಹಾಕುತ್ತೀರಲ್ಲ, ಅದನ್ನು ಆ ವಾಟಿಯಲ್ಲೇ ಒಯ್ಯಿರಿ. ಅದಕ್ಕೆ ಮನೆಯವರ ಕೈ ತಾಗುತ್ತಿರಲಿ.

ನಿಮ್ಮ
ಕಸ್ತೂರಿ