ಹನ್ನೊಂದು ಬಳ್ಳಿ

೬-೭-೧೯೬೯, ಚಿಕ್ಕಜಾಜೂರು. ಬೆಳಿಗ್ಗೆ ೬

ಪೇಪರ್ ಬದಲಿಸಿದ್ದಾಯಿತು. ಹದಿನೇಳನೇ ಹಾಳೆಯ ತುಂಬೆ ಇನ್ನೂ ಹಸಿ. ಹದಿನೆಂಟಕ್ಕೆ ಬೂಷ್ಟು — ಎಸೆದೆ. ತಪ್ಪು ನನ್ನದಲ್ಲ. ಮಳೆಗಾಲದಲ್ಲಿ ಗಿಡ ಒತ್ತಿಟ್ಟ ಪೇಪರನ್ನು ದಿನಕ್ಕೆರಡು ಸಲ ಬದಲಿಸಬೇಕು. ನಿನ್ನೆ ಒಣಗಿಸಿಟ್ಟಿದ್ದ ಕಂತೆಯನ್ನು ಸರ್ವಮಂಗಳ ಒಲೆ ಹೊತ್ತಿಸಲು ಒಯ್ದಿದ್ದಾಳೆ. ಕೇಳಿದರೆ, "ರೀ, ಕಸಕ್ಕೆ ಹಾಸಿಗೆ ಹಾಸೋದಕ್ಕಿಂತ ಅನ್ನ ಬೇಯೋದು ಮೇಲಲ್ವಾ?" ಹೆಂಡತಿಗೆ ಹೇಳಿ ಗೆದ್ದವರುಂಟೆ.

ಸ್ಟೇಷನ್ ಮಾಸ್ಟರ್ ಬಂದಬಂದವರಿಗೆಲ್ಲ ಹೇಳಿಕೊಂಡು ನಗುತ್ತಾನೆ — ನಮ್ಮ ಬುಕಿಂಗ್ ಕ್ಲಾರ್ಕ್ ಹುಲ್ಲಿಗೆ ಇಸ್ತ್ರಿ ಮಾಡ್ತಾನೆ ಅಂತ. ನಗಲಿ. ಇಡೀ ಆಯುಷ್ಯ ಇಸ್ಪೀಟಿನಲ್ಲಿ ಕಳೆದ ಮನುಷ್ಯ. ಪ್ಲಾಟ್‌ಫಾರಂ ಮೇಲಿರುವುದು ಬೇವೋ ಹೊಂಗೆಯೋ ಇವತ್ತಿಗೂ ತಿಳಿಯದು.

ನಿಯಮ ಬರೆದಿಡುತ್ತೇನೆ, ನಾಳೆ ನಾನೇ ಮರೆಯಬಾರದು. ಗಿಡ ಕಂಡರೆ ಮೊದಲು ಎಣಿಸು. ಆ ಜಾತಿಯವು ಇಪ್ಪತ್ತಿದ್ದರೆ ಒಂದು ತೆಗೆ. ಇಪ್ಪತ್ತಿಲ್ಲವೋ, ಕೈ ಜೇಬಿನಲ್ಲಿರಲಿ. ಯಾರದೋ ಹೊಲದ್ದಾದರೆ ಅವನನ್ನು ಕೇಳು. ಆಮೇಲೆ ಚೀಟಿ — ಕಿತ್ತ ಜಾಗದಲ್ಲೇ ನಿಂತು ಬರೆಯಬೇಕು. ತಾರೀಖು, ಮಣ್ಣು, ಹೂವಿನ ಬಣ್ಣ, ಜಾಗ. ಜಾಗ ಬರೆಯದ ಗಿಡ ವಿಳಾಸವಿಲ್ಲದ ಪಾರ್ಸೆಲ್. ನನ್ನ ಚೀಟಿ ಹಿಡಿದು ಹೊರಟರೆ ಎಂಥ ದಡ್ಡನೂ ಆ ಗಿಡದ ಮುಂದೆ ಹೋಗಿ ನಿಲ್ಲಬೇಕು.

೧೩-೭. ರಾತ್ರಿ ಊಟಕ್ಕೆ ಮುಂಚೆ

ದುರ್ಗದ ಕಾಲೇಜಿನ ಬಿ.ಎಸ್ಸಿ. ಹುಡುಗರು, ನಲವತ್ತು ಜನ. ಸಸ್ಯ ಸಂಗ್ರಹವಂತೆ. ಸಂಜೆ ಗಾಡಿಗೆ ಕಾಯುತ್ತ ಕೂತಿದ್ದರು — ಗೋಣಿಚೀಲ ತುಂಬ ಗಿಡ, ಎಮ್ಮೆಗೆ ಮೇವು ತಂದ ಹಾಗೆ. ಅರ್ಧ ಆಗಲೇ ಬಾಡಿತ್ತು. ಬಾಡಿದ್ದನ್ನು ಹಳಿಗೆ ಎಸೆಯುತ್ತಿದ್ದರು. ಒಬ್ಬನನ್ನು ನಿಲ್ಲಿಸಿ ಕೇಳಿದೆ, ಇದನ್ನು ಎಲ್ಲಿ ಕಿತ್ತೆಯಪ್ಪ?

"ಅಲ್ಲೇ ಸಾರ್... ಗುಡ್ಡದಾಗೆ."

ಹೆಸರು?

"ಸೀನಿಯರ್ ಶೀಟ್ ನೋಡಿ ಬರ್ಕಂತೀವಿ ಸಾರ್. ಐವತ್ತು ಶೀಟ್ ಆಗ್ಬೇಕು ಎಗ್ಜಾಮಿಗೆ."

ನಾಳೆ ಇವನೇ ಎಲ್ಲೋ ಮೇಷ್ಟ್ರಾಗುತ್ತಾನೆ. ಥೂ.

ಜೊತೆಗೆ ಲೆಕ್ಚರರ್ ಕರಿಸಿದ್ದಪ್ಪ, ಎಂ.ಎಸ್ಸಿ. ಪ್ಯಾಂಟಿನ ಇಸ್ತ್ರಿ ಮುರಿದಿಲ್ಲ, ಬೂಟಿಗೆ ಮಣ್ಣು ಹತ್ತಿಲ್ಲ. ಹೇಗೆ ಹತ್ತೀತು? ಮಧ್ಯಾಹ್ನವಿಡೀ ವೇಟಿಂಗ್ ರೂಮಿನಲ್ಲಿ ಬಾಯಿ ತೆರೆದು ಮಲಗಿದ್ದ. ನಾನೂ ಗಿಡ ಒಣಗಿಸಿ ಹಾಳೆಗೆ ಅಂಟಿಸಿ ಹರ್ಬೇರಿಯಂ ಮಾಡುತ್ತಿದ್ದೇನೆ ಎಂದೆ. "ಹೌದಾ? ಗುಡ್, ಗುಡ್" ಎಂದು ಗಡಿಯಾರ ನೋಡಿದ.

೨೭-೭. ಭಾನುವಾರ

ರೆಸ್ಟ್ ದಿನ. ಸೈಕಲ್ ಮೇಲೆ ಬಿ.ದುರ್ಗ ಹಳ್ಳಿಯ ಕಡೆಯ ಗುಡ್ಡ. ಕುರಿ ಕಾಯುವ ನಾಗಕ್ಕ ಮತ್ತೆ ಸಿಕ್ಕಳು. ಐವತ್ತರ ಹೆಂಗಸು, ಹೆಗಲಿಗೆ ಕಂಬಳಿ, ಬಾಯಿ ಮಾತ್ರ ಎಂಜಿನ್ ಸೀಟಿ. ದೂರದಿಂದಲೇ ಶುರು —

"ಏನ್ ಸ್ವಾಮೇರೇ, ಇವತ್ತು ಯಾವ ಸೊಪ್ಪಿನ ಹೆಣ ಹೊತ್ಕಂಡು ಹೋಗ್ತೀರಿ?"

ವಿಜ್ಞಾನ ಇವಳಿಗೆ ಹೇಳಿ ಏನು ಬಂತು. ಗಿಡವೆಂದರೆ ಕುರಿ ತಿನ್ನುವುದು, ಕುರಿ ತಿನ್ನದ್ದು — ಅಷ್ಟೇ ಇವಳ ಶಾಸ್ತ್ರ. ಆದರೆ ಚೀಟಿಯಲ್ಲಿ ಊರ ಕಡೆಯ ಹೆಸರಿಗೆ ಒಂದು ಸಾಲಿದೆ. ಅದಕ್ಕಾಗಿ ಇವಳ ಮುಂದೆ ಹಲ್ಲುಗಿಂಜಬೇಕು. ನನ್ನ ಕರ್ಮ.

ಇವತ್ತು ದೊಡ್ಡ ಬಂಡೆಯ ಪೂರ್ವಕ್ಕೆ ಒಂದು ಬಳ್ಳಿ ಕಂಡೆ. ದಾರದಷ್ಟು ಸಣ್ಣದು, ಕಾರೆ ಮುಳ್ಳಿನ ಮೇಲೆ ಹಬ್ಬಿದೆ. ಹೂವು ನೋಡಿ ಅಲ್ಲೇ ಕುಕ್ಕರಿಸಿದೆ. ಬೆರಳುದ್ದ. ಬುಡದಲ್ಲಿ ಉಬ್ಬು, ನಡುವೆ ಕೊಳವೆ, ತುದಿಯಲ್ಲಿ ಐದು ಎಸಳು ಒಂದಕ್ಕೊಂದು ಕೂಡಿ ಪುಟ್ಟ ಲಾಟೀನು. ಇಂಥದ್ದು ನಾನು ಎಲ್ಲೂ ನೋಡಿಲ್ಲ.

"ಅದು ಮರಿಗಡ್ಡೆ. ಬುಡದಾಗೆ ಗಡ್ಡೆ ಐತೆ, ಹಸೀದೇ ತಿಂತೀವಿ. ಈಗಲ್ಲ ಮತ್ತೆ" ಎಂದಳು ನಾಗಕ್ಕ. ಈಗ ಯಾಕಲ್ಲ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಅವಳಿಂದ ಪಾಠ ಹೇಳಿಸಿಕೊಳ್ಳಲು ನನಗೇನು ಬಂದಿದೆ.

ಎಣಿಸಿದೆ. ಸುತ್ತಮುತ್ತ ಒಂದು ಗಂಟೆ ಹುಡುಕಿದೆ. ಹನ್ನೊಂದು. ಇಪ್ಪತ್ತಿಲ್ಲ. ಕೈ ಜೇಬಿನಲ್ಲಿಟ್ಟುಕೊಂಡು ಬಂದೆ. ಉದುರಿದ್ದ ಒಂದು ಹೂವು ಮಾತ್ರ ಡಬ್ಬಿಯಲ್ಲಿ. ನಲವತ್ತು ಕಪಿಗಳಲ್ಲಿ ಒಬ್ಬನಾದರೂ ಇದನ್ನು ಮಾಡಿಯಾನೆ?

೧೦-೮. ಸಂಜೆ

ಕರಿಸಿದ್ದಪ್ಪ ಮತ್ತೆ ಬಂದಿದ್ದ, ಬೆಂಗಳೂರು ಗಾಡಿ ಎರಡು ಗಂಟೆ ಲೇಟು. ಮನೆಗೆ ಕರೆದು ಕಾಫಿ ಕೊಟ್ಟೆ. ಹಾಳೆ ತೋರಿಸಿದೆ, ಇಪ್ಪತ್ತಾರು. ಇಸ್ಪೀಟು ಕಲಸಿದ ಹಾಗೆ ಸರಸರ ತಿರುವಿಹಾಕಿದ.

"ಚೆನ್ನಾಗಿದೆ ಹಾಲಸ್ವಾಮಿಯವರೇ. ಟೈಂಪಾಸಿಗೆ ಚೆನ್ನಾಗಿದೆ."

ಹೂವಿನ ಮಾತು ತೆಗೆದೆ. ಡಬ್ಬಿಯೊಳಗಿನದು ಕರ್ರಗೆ ಮುರುಟಿ ಹೋಗಿತ್ತು. ನಕ್ಕ. "ಅಂಥ ಲಾಟೀನು ಹೂವಿನ ಬಳ್ಳಿ ಈ ಬಯಲುಸೀಮೆ ಗುಡ್ಡದಲ್ಲಿ ಎಲ್ಲಿ ಬರುತ್ತೆ? ಇದು ಯಾವುದೋ ಹಾಲೆಬಳ್ಳಿ. ನಿಮ್ಮಂಥವರಿಗೆ ಹೀಗಾಗೋದು ಸಹಜ ಬಿಡಿ, ಬೇಜಾರು ಮಾಡ್ಕೋಬೇಡಿ."

ನಿಮ್ಮಂಥವರಿಗೆ! ನನ್ನ ಕಾಫಿ ಕುಡಿದು, ನನ್ನ ಕುರ್ಚಿಯಲ್ಲಿ ಕೂತು. ವೇಟಿಂಗ್ ರೂಮಿನ ಬೆಂಚು ಬಿಟ್ಟರೆ ಬೇರೆ ಕ್ಷೇತ್ರಕಾರ್ಯ ಗೊತ್ತಿಲ್ಲದ ಬಡ್ಡಿಮಗ.

೧೧-೮. ಬೆಳಿಗ್ಗೆ

ಡ್ಯೂಟಿ ಎರಡಕ್ಕೆ. ಐದಕ್ಕೇ ಎದ್ದು ಗುಡ್ಡಕ್ಕೆ ಹೋದೆ, ಆ ಬಳ್ಳಿ ಒಂದು ತಂದೆ. ಗಡ್ಡೆ ಮುಟ್ಟಿಲ್ಲ. ನೆಲದಿಂದ ನಾಲ್ಕು ಬೆರಳು ಮೇಲೆ ಬ್ಲೇಡಿನಲ್ಲಿ ಕೊಯ್ದೆ, ಅಷ್ಟೆ. ಆರು ಹೂವು. ಗಡ್ಡೆ ಇದ್ದ ಮೇಲೆ ಗಿಡಕ್ಕೇನು ನಷ್ಟ? ನಿಯಮ ಇರುವುದು ಬುಡ ಕೀಳುವವರಿಗೆ. ಇದು ಲೆಕ್ಕಕ್ಕಿಲ್ಲ.

ಚೀಟಿ ಅಲ್ಲೇ ಬರೆದೆ. ಇದುವರೆಗೆ ಬರೆದವುಗಳಲ್ಲೆಲ್ಲ ಇದೇ ಚೆನ್ನ. "ಕೆಂಪು ಗರಸು ಮಣ್ಣು. ಕಾರೆ ಪೊದೆ. ಕುರಿ ಹಾದಿಯ ಎಡಕ್ಕೆ ಸೀಳುಬಿಟ್ಟ ದೊಡ್ಡ ಬಂಡೆ. ಅದರ ಪೂರ್ವಕ್ಕೆ ಮೂವತ್ತೇಳು ಹೆಜ್ಜೆ. ಒಟ್ಟು ಹನ್ನೊಂದು ಬಳ್ಳಿ."

೧೭-೮

ರಜೆ ಹಾಕಿ ದುರ್ಗಕ್ಕೇ ಹೋದೆ. ಹಾಳೆಯನ್ನು ಕರಿಸಿದ್ದಪ್ಪನ ಮನೆಯ ಮೇಜಿನ ಮೇಲೆ ಇಟ್ಟೆ. ನೋಡಿದ. ಲೆನ್ಸ್ ತಂದ. ಬಲ್ಬಿನ ಕೆಳಗೆ ಹಿಡಿದ. ದಪ್ಪ ಪುಸ್ತಕ ತೆಗೆದು ಹದಿನೈದು ನಿಮಿಷ ಹಾಳೆ ಮಗುಚಿದ. ಮುಖ ಸಣ್ಣದಾಯಿತು — ಆಹಾ, ಆ ಮುಖ! ಆಮೇಲೆ ಎದ್ದು ನಿಂತು ಕೈಕುಲುಕಿದ. ಎದ್ದು ನಿಂತು! "ನಿಮ್ಮ ಲೇಬಲ್ ನೋಡಿ ಕಲೀಬೇಕು ಸಾರ್ ನಮ್ಮ ಹುಡುಗರು" ಎಂದ. ಇವತ್ತಿಂದ ನಾನು ಸಾರ್. ಚೀಟಿಯನ್ನು ನೋಟ್‌ಬುಕ್ಕಿಗೆ ಒಂದಕ್ಷರ ಬಿಡದೆ ಇಳಿಸಿಕೊಂಡ. ಬರೆದುಕೊ ಮಗನೇ, ಬರೆದುಕೊ.

ಚಂದ್ರವಳ್ಳಿ ಕಡೆ ಸುತ್ತಿಕೊಂಡು ಬರೋಣವೆಂದಿದ್ದೆ. ಹೋಗಲಿಲ್ಲ. ಮನೆಗೆ ಬಂದು ಸರ್ವಮಂಗಳಳಿಗೆ ಹೇಳುವ ಅವಸರ. ಕೇಳಿ, "ಹಂಗಾರೆ ಇನ್ನು ಪೇಪರ್ ಮುಟ್ಟಲ್ಲ ಬಿಡ್ರಿ" ಎಂದಳು. ಅವಳ ಬಾಯಲ್ಲಿ ಇದು ಸನ್ಮಾನವೇ.

೨೪-೮. ಸಂಜೆ ೭

ಬೆಳಗಿನ ಗಾಡಿಗೆ ಹುಡುಗರು ಇಳಿದರು. ಅದೇ ನಲವತ್ತು. ಕಿಟಕಿಯಿಂದ ನೋಡಿದೆ. ಈ ಸಲ ಕೈಯಲ್ಲಿ ಗುದ್ದಲಿ ಇತ್ತು, ಅದನ್ನೂ ನೋಡಿದೆ. ಯಾವುದೋ ಕೆರೆ ಕಡೆ ಹೊರಟಿದ್ದಾರೆ ಅಂದುಕೊಂಡೆ. ಟಿಕೆಟ್ ಕೊಡುತ್ತ ಕೂತೆ.

ನಾಲ್ಕೂವರೆಗೆ ವಾಪಸ್ಸು. ಪ್ಲಾಟ್‌ಫಾರಂ ಮೇಲೆ ಕೂತು ಬಳ್ಳಿಯಿಂದ ಗಡ್ಡೆ ಮುರಿದು ಎಸೆಯುತ್ತಿದ್ದರು. ಗಡ್ಡೆ ದಪ್ಪ, ಗಿಡ ಒತ್ತುವ ಪ್ರೆಸ್ಸಿನಲ್ಲಿ ಕೂರುವುದಿಲ್ಲವಲ್ಲ. ನಾನು ಕೌಂಟರ್ ಬಿಟ್ಟು ಓಡಿದೆ. ಒಬ್ಬ ನನ್ನ ಗುರುತು ಹಿಡಿದ.

"ಸಾರ್, ನಿಮ್ ಲೇಬಲ್ ಫಸ್ಟ್ ಕ್ಲಾಸ್ ಸಾರ್. ಮೂವತ್ತೇಳು ಹೆಜ್ಜೆ — ಒಂದು ಹೆಜ್ಜೆ ಆಕಡೆ ಈಕಡೆ ಇಲ್ಲ."

ಎಷ್ಟು ಕಿತ್ತಿರಿ?

"ಅಷ್ಟೂ ಸಿಕ್ತು ಸಾರ್. ಆದ್ರೂ ಎಲ್ರಿಗೂ ಬರ್ಲಿಲ್ಲ, ಒಂದೊಂದು ತುಂಡು ಹಂಚ್ಕಂಡ್ವಿ. ನೀವು ಕೊಯ್ದ ಬುಡದ್ದೂ ಸಿಕ್ತು."

ಕರಿಸಿದ್ದಪ್ಪ ಬಂದೇ ಇರಲಿಲ್ಲ. ಚೀಟಿ ಕೊಟ್ಟು ಕಳಿಸಿದ್ದ. ನಾನು ಬಯ್ದೆನೋ, ಏನಂದೆನೋ ನೆನಪಿಲ್ಲ. ಹುಡುಗರು ಪಿಳಿಪಿಳಿ ನೋಡಿದರು. ಗಾಡಿ ಹೊರಟ ಮೇಲೆ ಹಳಿಗಿಳಿದು ಜಲ್ಲಿಯಲ್ಲಿ ಹುಡುಕಿದೆ. ಏಳು ಗಡ್ಡೆ ಸಿಕ್ಕವು. ಎರಡು ಜಜ್ಜಿವೆ. ಸ್ಟೇಷನ್ ಮಾಸ್ಟರ್ ಮೇಲಿನಿಂದ ಕೂಗಿದ, ಏನ್ರೀ ಆಲೂಗಡ್ಡೆ ಚೆಲ್ಲಿತಾ ಅಂತ.

ಎಂಥ ದಡ್ಡನೂ ಹೋಗಿ ನಿಲ್ಲಬೇಕು ಎಂದಿದ್ದೆನಲ್ಲ. ಹೋಗಿ ನಿಂತರು. ದೊಡ್ಡ ದಡ್ಡ ಇಲ್ಲಿ ಕೂತು ಬರೆಯುತ್ತಿದ್ದಾನೆ.

೨೫-೮

ಒದ್ದೆ ಬಟ್ಟೆಯಲ್ಲಿ ಗಡ್ಡೆ ಸುತ್ತಿಕೊಂಡು ನಾಗಕ್ಕನ ಹಟ್ಟಿಗೆ ಹೋದೆ. ಇನ್ನಾರ ಹತ್ತಿರ ಹೋಗಲಿ? ನನಗೆ ಒಣಗಿಸುವುದು ಗೊತ್ತು. ಬದುಕಿಸುವುದು ಗೊತ್ತಿಲ್ಲ.

ನಾಗಕ್ಕ ಆಗಲೇ ಗುಡ್ಡ ನೋಡಿ ಬಂದಿದ್ದಳು. ಕುಂತ್ಕಳ್ರಿ ಎಂದೂ ಹೇಳಲಿಲ್ಲ.

"ನಾನು ಕೇಳ್ದೆ ಆ ಹುಡುಗ್ರನ್ನ. ಯಾರು ತೋರ್ಸಿದ್ರು ನಿಮ್ಗೆ ಅಂದ್ರೆ, ಟೇಸನ್ ಸ್ವಾಮೇರು ಬರ್ಕೊಟ್ಟವ್ರೆ ಅಂದ್ರು."

ನಾನು ಬುಡ ಕಿತ್ತಿರಲಿಲ್ಲ ನಾಗಕ್ಕ, ಮೇಲಷ್ಟೇ ಕೊಯ್ದಿದ್ದೆ ಎಂದೆ. ಯಾಕೆ ಹೇಳಿದೆನೋ.

"ಹೂವಿದ್ದಂಗೇ ಕೊಯ್ದ್ರೆ ಕಾಯಿ ಎಲ್ಲಿಂದ ಬತ್ತೈತೆ? ಕಾಯಿ ಒಡ್ದು ಬೀಜ ಹಾರ್ಬೇಕು, ದೀಪಾವಳಿ ಆಗ್ಬೇಕು. ಅಲ್ಲೀಗಂಟ ನಮ್ ಮಕ್ಳು ಸೈತ ಮುಟ್ಟಲ್ಲ. ಆಮ್ಯಾಗೆ ಅಗೆದ್ರೂ ಗಡ್ಡೆ ತಲೆ ಕೊಯ್ದು ವಾಪಸ್ ಮಣ್ಣಾಗಿಕ್ಕಿ ಬತ್ತೀವಿ. ಓದಿದೋರು ನೀವು. ಇಷ್ಟು ಗೊತ್ತಿಲ್ವ?"

ಗೊತ್ತಿರಲಿಲ್ಲ. ಇಪ್ಪತ್ತಕ್ಕೊಂದು ಎಂದು ಎಣಿಸಲು ಗೊತ್ತಿತ್ತು. ಯಾವಾಗ ಎಂಬುದು ನನ್ನ ನಿಯಮದಲ್ಲಿ ಇರಲೇ ಇಲ್ಲ. ತಿಂಗಳ ಹಿಂದೆ ಅವಳು 'ಈಗಲ್ಲ' ಎಂದಾಗ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಬಟ್ಟೆ ಬಿಚ್ಚಿ ಒಂದೊಂದೇ ಗಡ್ಡೆ ಒತ್ತಿ ನೋಡಿದಳು. ಜಜ್ಜಿದ ಎರಡನ್ನೂ ಇಟ್ಟುಕೊಂಡಳು. ಎಲ್ಲಿ ನೆಡುತ್ತೀಯ, ನಾನೂ ಬರುತ್ತೇನೆ ಎಂದೆ.

"ಬ್ಯಾಡ್ರಿ. ನಿಮ್ಗೆ ತೋರ್ಸಿದ್ರೆ ಬರ್ಕಂತೀರಿ. ಹೋಗ್ರಿ, ನಿಮ್ ಗಾಡಿ ಹೊತ್ತಾತು."

೧೪-೧೨

ಹಾಳೆ ಮುಟ್ಟಿ ಮೂರು ತಿಂಗಳಾಯಿತು. ಹಾಳೆಗೆ ಹುಳ ಬೀಳದಂತೆ ಇಡುವ ನುಸಿಗುಳಿಗೆ ಮುಗಿದಿದೆ, ತಂದಿಲ್ಲ.

ಕಾಲೇಜಿನ ಪತ್ರಿಕೆ ಅಂಚೆಯಲ್ಲಿ ಬಂತು. "ಬಿ.ದುರ್ಗದ ಗುಡ್ಡದಲ್ಲಿ ನಾನು ಕಂಡ ಅಪರೂಪದ ಬಳ್ಳಿ — ಕರಿಸಿದ್ದಪ್ಪ, ಎಂ.ಎಸ್ಸಿ." ನಾನು ಕಂಡ! ಆ ಗುಡ್ಡ ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಗೊತ್ತಿಲ್ಲದವನು. ಸರ್ವಮಂಗಳಳಿಗೆ ಕೊಟ್ಟೆ, ಒಲೆಗೆ ಹಾಕು ಅಂತ. ಓದಿ ನೋಡಿದಳು. ಹಾಕಿದಳು.

೨೮-೬-೧೯೭೦

ಮಳೆ ಹಿಡಿದು ಹತ್ತು ದಿನ. ಕರಿಸಿದ್ದಪ್ಪನ ಕಾಗದ. ಒಣಗಿದ ತುಂಡುಗಳಿಂದ ಜಾತಿ ಖಚಿತವಾಗುತ್ತಿಲ್ಲವಂತೆ, ಹೊಸ ಜಾತಿಯೇ ಇರಬಹುದಂತೆ. ಈ ವರ್ಷ ಗಡ್ಡೆ ಸಮೇತ ಒಂದು ಪೂರ್ತಿ ಬಳ್ಳಿ ಸಿಕ್ಕರೆ ಯಾವುದೋ ದೊಡ್ಡ ಹರ್ಬೇರಿಯಂ ಸಂಸ್ಥೆಗೆ ಕಳಿಸುತ್ತಾನಂತೆ. "ಹೊಸ ಜಾತಿ ಎಂದಾದರೆ ನಿಮ್ಮ ಹೆಸರನ್ನೇ ಇಡಿಸುತ್ತೇನೆ."

ನನ್ನ ಹೆಸರು. ಲ್ಯಾಟಿನ್ನಿನಲ್ಲಿ.

ನಾಲ್ಕು ಸಲ ಓದಿದೆ. ನಾಚಿಕೆಯಿಲ್ಲದ ಪ್ರಾಣಿ — ಅವನಲ್ಲ, ನಾನು.

೧೦-೭. ಮಧ್ಯಾಹ್ನ ೩

ಟಿಕೆಟ್ ಕಿಟಕಿಯಲ್ಲಿ ಕಂಬಳಿ ಕಂಡಿತು. ನಾಗಕ್ಕ. ಹತ್ತು ತಿಂಗಳಲ್ಲಿ ಮೊದಲ ಮಾತು.

"ಎದ್ದವೆ."

ಎಷ್ಟು ಎಂದೆ. ಹಿಂದೆ ಸಾಲಿನಲ್ಲಿದ್ದವನು ಬೇಗ ಬೇಗ ಎನ್ನುತ್ತಿದ್ದ.

"ಬಂದು ನೋಡ್ರಿ. ಏನಪ್ಪ ಇದು, ಗಡ್ಡೆ ತಂದ್ಕೊಟ್ಟೋರಿಗೆ ಒಂದ್ಸಲನಾರ ತೋರ್ಸದಿದ್ರೆ ಹೆಂಗೆ ಅಂತ ಬಂದೆ. ಪೆನ್ನು ತರಬ್ಯಾಡ್ರಿ."

೧೨-೭. ಸಂಜೆ

ಹೋಗಿಬಂದೆ. ಸೈಕಲನ್ನು ಹಟ್ಟಿಯಲ್ಲೇ ಬಿಡಿಸಿದಳು. ಜೇಬು ತಟ್ಟಿ ನೋಡಿದಳು ಹೆಂಗಸು! ಆಮೇಲೆ "ಹೋಗಾಣ ಬರ್ರಿ." ದಾರಿಯುದ್ದಕ್ಕೂ ಬಯ್ಗುಳ — ಓದಿದವರಿಗೆ, ರೈಲಿಗೆ, ಗುದ್ದಲಿಗೆ.

ನಾಲ್ಕು ಬಳ್ಳಿ. ಸುತ್ತ ಜಾಲಿ ಮುಳ್ಳು ಒತ್ತಿದ್ದಾಳೆ, ಕುರಿ ಬಾಯಿ ಹಾಕದಂತೆ. ಒಂದರಲ್ಲಿ ಮೊಗ್ಗು. ನಾನು ಅಲ್ಲೇ ಕೂತು ಅತ್ತೆ. ಬರೆದುಕೊಳ್ಳಲು ಏನು ನಾಚಿಕೆ, ಅತ್ತೆ. "ಎದ್ದೇಳ್ರಿ, ಬಳ್ಳಿ ತುಳಿದೀರಿ" ಎಂದಳು.

ಬಂದವನೇ ಕರಿಸಿದ್ದಪ್ಪನಿಗೆ ಕಾರ್ಡು ಬರೆದು ಡಬ್ಬಕ್ಕೆ ಹಾಕಿದೆ. ಈ ವರ್ಷ ಒಂದೂ ಎದ್ದಿಲ್ಲ, ವಂಶವೇ ಹೋಯಿತು ಅಂತ. ನಂಬುತ್ತಾನೆ. ಬಂದು ನೋಡುವ ಜಾತಿಯಲ್ಲ ಅದು.

ಆದರೂ ಎಲ್ಲೋ ಒಂದು ಕಡೆ ದಾಖಲೆ ಇರಬೇಕಲ್ಲ. ಈ ಪುಸ್ತಕ ಯಾರು ಓದುತ್ತಾರೆ? ಇಲ್ಲಾದರೂ ಸರಿಯಾಗಿ ಬರೆದಿಡುತ್ತೇನೆ.

ತಾರೀಖು ೧೨-೭-೧೯೭೦. ಬಳ್ಳಿ ನಾಲ್ಕು, ಮೊಗ್ಗು ಒಂದು. ಮಣ್ಣು ಕೆಂಪು, ಗರಸು ಕಡಿಮೆ. ಜಾಗ: ಹಟ್ಟಿಯಿಂದ —