ಚಿಮಣಿಯ ಅಂಕಿ ತೊಂಬತ್ತಾರು

ಜರ್ಮನಿ
ಜನವರಿ 14, ಬುಧವಾರ

ನನ್ನ ಚೈತ್ರಾ,

ಎರಡು ಸಲ ವಾಯ್ಸ್ ನೋಟ್ ಮಾಡಿ ಎರಡನ್ನೂ ಅಳಿಸಿದೆ. ನೀನು ಅದನ್ನು ಕಣದಲ್ಲಿ ನಿಂತು ಸ್ಪೀಕರ್ ಹಾಕಿ ಕೇಳುತ್ತೀಯ, ನಿಮ್ಮಪ್ಪ ಕಾಫಿ ಹರಡುತ್ತಾ ಕಿವಿ ಕೊಡುತ್ತಾರೆ. ಅದಕ್ಕೇ ಹೇಳಿದ್ದನ್ನು ಫೋನಿನಲ್ಲೇ ಅಕ್ಷರ ಮಾಡಿಸಿ, ಕಾಗದದ ಹಾಗೆ ತಿದ್ದಿ ಕಳಿಸುತ್ತಿದ್ದೇನೆ. ಒಬ್ಬಳೇ ಓದು.

ಬರುವ ಸೋಮವಾರ ಇಲ್ಲಿಯ ಕೆಲಸಕ್ಕೆ ನಿನ್ನ ವೀಸಾ ಇಂಟರ್‌ವ್ಯೂ. ನಿಮ್ಮಪ್ಪ ಸಕಲೇಶಪುರದಿಂದ ಸೂಟ್‌ಕೇಸ್ ತಂದಿದ್ದಾರಂತೆ. "ಇವ್ಳು ಅದ್ರೊಳಕ್ಕೆ ಬಟ್ಟೆಗಿಂತ ಉಪ್ಪಿನ್ಕಾಯೇ ಜಾಸ್ತಿ ತುಂಬ್ತಾವ್ಳೆ ಕಣವ್ವ ಜೇಬಾ, ಅಲ್ಲಿ ಪೊಲೀಸ್ರು ಹಿಡುದ್ರೆ ನೀನೇ ಬಿಡುಸ್ಕೊಂಡು ಬಾ" ಅಂತ ಮೊನ್ನೆ ಫೋನಿನಲ್ಲಿ ನಕ್ಕರು. ನಾನೂ ನಕ್ಕೆ. ಆಮೇಲೆ ಹೇಳಬೇಕಾದದ್ದನ್ನು ಬಿಟ್ಟು ಉಪ್ಪಿನಕಾಯಿಯ ಮಾತನ್ನೇ ಮುಂದುವರಿಸಿದೆ.

ಇಲ್ಲಿ ನನಗೆ ಕೊಟ್ಟಿರುವ ಕೆಲಸ ಒಂದು ಪಟ್ಟಿ ಮಾಡುವುದು. ನಮ್ಮ ಕಂಪನಿಗೆ ಎಂಟು ಕಡೆ ನೈಟ್ರಿಕ್ ಆಸಿಡ್ ಘಟಕಗಳಿವೆ. ನಾಲ್ಕು ಶ್ರೀಮಂತ ದೇಶಗಳಲ್ಲಿ, ನಾಲ್ಕು ನಮ್ಮಂಥ ದೇಶಗಳಲ್ಲಿ. ಆಸಿಡ್ ಮಾಡುವಾಗ ಚಿಮಣಿಯಿಂದ ಎಷ್ಟು ನೈಟ್ರಸ್ ಆಕ್ಸೈಡ್ ಹೋಗುತ್ತದೆ ಅಂತ ಪಕ್ಕಪಕ್ಕ ಇಟ್ಟು ತೋರಿಸಬೇಕು. ಈ ಗ್ಯಾಸ್ ಒಮ್ಮೆ ಮೇಲೆ ಹೋದರೆ ನೂರು ವರ್ಷಕ್ಕೂ ಹೆಚ್ಚು ಅಲ್ಲೇ ಇದ್ದು ಭೂಮಿಯನ್ನು ಕಾಯಿಸುತ್ತದೆ.

ಹತ್ತು ಲಕ್ಷ ಪಾಲು ಹೊಗೆಯಲ್ಲಿ ಈ ಗ್ಯಾಸ್ ಎಷ್ಟು ಪಾಲು ಅನ್ನುವುದೇ ಲೆಕ್ಕ. ಇಲ್ಲಿಯ ಚಿಮಣಿಗಳ ಅಂಕಿ ಮೂವತ್ತು, ನಲವತ್ತು. ನಮ್ಮಂಥ ದೇಶಗಳವು ಸಾವಿರದ ಇನ್ನೂರು, ಸಾವಿರದ ನಾನೂರು. ಅದೇ ಕಂಪನಿ, ಅದೇ ಆಸಿಡ್, ಅಮೋನಿಯಾ ಉರಿಸುವ ಅದೇ ಪ್ಲಾಟಿನಂ ಜಾಲರಿ. ಇಲ್ಲಿ ಜಾಲರಿಯ ಕೆಳಗೆ ಆ ಗ್ಯಾಸನ್ನು ಒಡೆಯುವ ಕ್ಯಾಟಲಿಸ್ಟ್ ಇದೆ, ಯಾಕೆಂದರೆ ಹೊರಗೆ ಬಿಟ್ಟ ಪ್ರತಿ ಟನ್ನಿಗೂ ಸರ್ಕಾರಕ್ಕೆ ದುಡ್ಡು ಕಟ್ಟಬೇಕು. ನಮ್ಮಲ್ಲಿ ಬಿಟ್ಟರೆ ಕೇಳುವವರಿಲ್ಲ. ಗ್ಯಾಸ್ ತಗ್ಗಿಸಿದ್ದಕ್ಕೆ ಹೊರದೇಶದವರು ಹಣ ಕೊಡುವಷ್ಟು ದಿನ ಕ್ಯಾಟಲಿಸ್ಟ್ ಹಾಕಿದರು, ಹಣ ನಿಂತ ಮೇಲೆ ಸವೆದದ್ದನ್ನು ತೆಗೆದು ಹೊಸದು ಹಾಕಲಿಲ್ಲ.

ಆದರೆ ಬಡ ದೇಶಗಳ ಸಾಲಿನಲ್ಲಿ ಒಂದು ಘಟಕ ಮಾತ್ರ ತೊಂಬತ್ತಾರು ತೋರಿಸುತ್ತಿದೆ. ನಮ್ಮದು, ಚೈತ್ರಾ.

ನೆನಪಿದೆಯಲ್ಲ. ಕ್ಯಾಟಲಿಸ್ಟ್ ತೆಗೆದ ವಾರವೇ ಲ್ಯಾಬಿನ ಅಳೆಯುವ ಯಂತ್ರ ಕೆಟ್ಟು ನಾಲ್ಕು ತಿಂಗಳು ರಿಪೇರಿಯಾಗಲಿಲ್ಲ. ಸೂಪರ್‌ವೈಸರ್ ರವಿಚಂದ್ರ ಬಂದು, "ಕಾಲಂ ಖಾಲಿ ಬುಡ್‌ಬ್ಯಾಡಿ ಕಣ್ರಮ್ಮ. ಖಾಲಿ ಇದ್ರೆ ಹತ್ತು ಜನ ಕೇಳ್ತಾರೆ, ತುಂಬಿದ್ರೆ ಒಬ್ನೂ ಓದಾಕಿಲ್ಲ" ಅಂದರು. ನಮ್ಮ ಪಕ್ಕದ ಆಲೂರಿನವರು, ನಮ್ಮನ್ನು ಕೆಲಸಕ್ಕೆ ಸೇರಿಸಿಕೊಂಡವರು. ಅವರ ಮಾತು ಮೀರಲಿಲ್ಲ. ಕ್ಯಾಟಲಿಸ್ಟ್ ಇದ್ದ ಹಿಂದಿನ ತಿಂಗಳ ಅಂಕಿಯನ್ನೇ ಸ್ವಲ್ಪ ಆಚೀಚೆ ಮಾಡಿ ಬರೆದೆವು. "ಇವತ್ತು ತೊಂಬತ್ನಾಕು ಹಾಕ್ಲಾ, ತೊಂಬತ್ತೆಂಟಾ?" ಅಂತ ನಾನು ಕೇಳಿದರೆ, "ತೊಂಬತ್ತಾರು ಹಾಕೇ, ಮಧ್ಯದಾಗಿರ್ಲಿ, ಯಾರ್ಗೂ ಬೇಜಾರಾಗಲ್ಲ" ಅನ್ನುತ್ತಿದ್ದೆ ನೀನು. ನಕ್ಕು ಟೀ ಕುಡಿಯಲು ಹೋಗುತ್ತಿದ್ದೆವು.

ಈ ಪಟ್ಟಿಗೆ ಎಲ್ಲ ಘಟಕಗಳಿಂದಲೂ ತೆಗೆದುಕೊಂಡದ್ದು ಆ ನಾಲ್ಕು ತಿಂಗಳ ಅಂಕಿಗಳನ್ನೇ. ಆ ತೊಂಬತ್ತಾರನ್ನು ಈಗ ಒಬ್ಬರು ಓದಿದ್ದಾರೆ. ಇಲ್ಲಿಯ ಮೇಲಧಿಕಾರಿ ಮೀಟಿಂಗಿನಲ್ಲಿ ನನ್ನ ಬೆನ್ನು ತಟ್ಟಿ, ನೋಡಿ, ಭಾರತದ ಘಟಕ ಖರ್ಚಿಲ್ಲದೆ ಹೇಗೆ ನಡೆಯುತ್ತಿದೆ ಅಂದರು. ಈ ವರ್ಷ ನಮ್ಮಂಥ ದೇಶಗಳ ಮೂರು ಘಟಕಗಳಿಗೆ ಹೊಸ ಕ್ಯಾಟಲಿಸ್ಟ್ ಕೊಡುತ್ತಾರೆ. ನಮ್ಮದಕ್ಕೆ ಬೇಕಿಲ್ಲ ಅಂತ ಬಿಟ್ಟಿದ್ದಾರೆ. ಶುಕ್ರವಾರ ಪಟ್ಟಿ ಮುಗಿಯುತ್ತದೆ. ಮತ್ತೆ ಹತ್ತು ವರ್ಷ ಯಾರೂ ಆ ಚಿಮಣಿಯ ಕಡೆ ನೋಡುವುದಿಲ್ಲ.

ನಿನ್ನೆ ಅಬ್ಬಾಗೆ ಫೋನ್ ಮಾಡಿದ್ದೆ. ಹೆತ್ತೂರಿಗೆ ಗೊಬ್ಬರ ಇಳಿಸಿ ಆನೇಮಹಲ್‌ನ ಮನೆಗೆ ಆಗತಾನೇ ಬಂದಿದ್ದರು. ಅವರ ಲಾರಿಯಲ್ಲಿದ್ದ ಗೊಬ್ಬರದ ಚೀಲದ ಮೇಲಿನ ವಿಳಾಸ ನೋಡಿ ತಾನೇ ನಾವಿಬ್ಬರೂ ಆ ಫ್ಯಾಕ್ಟರಿಗೆ ಅರ್ಜಿ ಹಾಕಿದ್ದು? ಯಾರ ಹೆಸರೂ ಹೇಳದೆ ವಿಷಯ ಹೇಳಿದೆ. "ತೂಕ ಸುಳ್ಳು ಬರ್ಕೊಂಡು ಘಾಟಿ ಇಳುದ್ರೆ ಬ್ರೇಕಿಗೆ ಗೊತ್ತಾಗ್‌ಬುಡ್ತದೆ ಮಗ" ಅಂದರು. ನಾನೇ ಅಂತ ಅವರಿಗೆ ತಿಳಿದಿದೆ ಅನ್ನಿಸುತ್ತೆ. ಊಟ ಆಯ್ತಾ ಅಂತಲೂ ಕೇಳದೆ ಫೋನ್ ಇಟ್ಟರು.

ಒಣಗಲು ಹಾಕಿದ ನಿಮ್ಮ ಕಾಫಿಯ ಮೇಲೆ ಹೋದ ವಾರ ಅಕಾಲದ ಮಳೆ ಬಿತ್ತಂತೆ. ನಾವು ಬರೆದ ಅಂಕಿಯಿಂದಲೇ ಅದು ಬಂತು ಅನ್ನುವಷ್ಟು ದಡ್ಡಿ ನಾನಲ್ಲ. ಆದರೂ ಆ ಸುದ್ದಿ ಕೇಳಿದಾಗಿನಿಂದ ಊಟ ಸೇರುತ್ತಿಲ್ಲ. ಬಡ ದೇಶದವರಿಗೆ ಯಾರೂ ಕ್ಯಾಟಲಿಸ್ಟ್ ಕೊಡುವುದಿಲ್ಲ ಅಂತ ಇಲ್ಲಿಯವರ ಮೇಲೆ ನಾನು ಎಷ್ಟು ಸಿಟ್ಟಾಗಿದ್ದೆ! ಈಗ ಕೊಡಲು ಬಂದಾಗ ಬಾಗಿಲು ಹಾಕಿದ್ದು ನಮ್ಮ ಕೈ.

ಮೇಲಧಿಕಾರಿಗೆ ನಿಜ ಹೇಳಿದರೆ ನನ್ನ ಕೆಲಸ ಹೋಗಬಹುದು. ನಿನ್ನದು ಶುರುವಾಗುವ ಮೊದಲೇ ಹೋಗಬಹುದು. ನಿನ್ನ ಶಿಫಾರಸು ಪತ್ರದಲ್ಲಿ 'ಇವಳು ಅಳೆದದ್ದನ್ನು ಮತ್ತೊಮ್ಮೆ ಅಳೆಯಬೇಕಿಲ್ಲ' ಅಂತ ಬರೆದವಳು ನಾನೇ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ, ಹೇಳಲಾ? ನೀನು ಬೇಡ ಅಂದರೆ ಸುಮ್ಮನಿದ್ದುಬಿಡುತ್ತೇನೆ.

ಬೈದರೂ ಸರಿ, ಉತ್ತರ ಬರೆ.

ನಿನ್ನ
ಜೇಬಾ

ಮರೆತ ಮಾತು: ಮರೆತಿರಲಿಲ್ಲ, ಬರೆಯುವ ಧೈರ್ಯ ಇರಲಿಲ್ಲ. ನಿನ್ನನ್ನು ಕೇಳಿದಂತೆ ಬರೆದದ್ದು ಸುಳ್ಳು. ಮೊನ್ನೆ ಸೋಮವಾರವೇ ಮೇಲಧಿಕಾರಿಗೆ ಎಲ್ಲ ಹೇಳಿಬಿಟ್ಟೆ, ನನ್ನ ಹೆಸರು ಮಾತ್ರ ಹೇಳಿ. ಅವರು ಹಳೆಯ ಹಾಳೆಗಳನ್ನು ತರಿಸಿ ನೋಡಿದರು. ಎರಡನೆಯ ಕೈಬರಹ ಯಾರದು ಅಂತ ಇವತ್ತು ಬೆಳಿಗ್ಗೆ ಕೇಳಿದರು. ನನ್ನದಲ್ಲ ಅಂದೆ, ಅಷ್ಟೇ. ನೀನೇ ಬರೆಯುವುದಾದರೆ ಅವರ ಇಮೇಲ್ ವಿಳಾಸ ಬೇರೆಯಾಗಿ ಕಳಿಸಿದ್ದೇನೆ. ಶುಕ್ರವಾರದವರೆಗೆ ಕಾಯುತ್ತಾರೆ. ನಿನ್ನ ಹೆಸರನ್ನು ನಾನು ಹೇಳುವುದಿಲ್ಲ, ಚೈತ್ರಾ.